ಗೀಕನ ಕೈಗೆ ಸಿಕ್ಕ ಬಿಳಿ ಕೋಟು

"ಇನ್ನು ಮುಂದೆ ಈ ಮನೆಯ ಹೊಸ್ತಿಲನ್ನು ಯಾವ ರಿಪೇರಿಯವನೂ ದಾಟಕೂಡದು!"

ಹೀಗೆಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ರಜೆಯ ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಪ್ರತಿಜ್ಞೆ ಮಾಡುವವರ ಕೈಯಲ್ಲಿ ಖಡ್ಗವಿರಬೇಕು. ನನ್ನ ಕೈಯಲ್ಲಿ ಕಾಫಿ ಮಗ್ ಇತ್ತು. ಮಗ್ಗಿನ ಮೇಲೆ ದಪ್ಪ ಅಕ್ಷರದಲ್ಲಿ ‘ಗೀಕ್’ ಎಂದು ಬರೆದಿತ್ತು. ಬಿರುದು ಕೊಟ್ಟವರು ಬೇರೆಯವರು. ಅಚ್ಚು ಹಾಕಿಸಿಕೊಂಡವನು ನಾನೇ.

ಬಿರುದು ಬಂದ ಕಥೆ ಸಣ್ಣದು. ನಾನೊಂದು ವಿಮಾ ಕಚೇರಿಯ ನೌಕರ. ನನ್ನ ಕೆಲಸಕ್ಕೂ ಯಂತ್ರಶಾಸ್ತ್ರಕ್ಕೂ ದೂರದ ನೆಂಟಸ್ತನವೂ ಇಲ್ಲ. ಒಮ್ಮೆ ನಮ್ಮ ಪ್ರಿಂಟರ್ ಕಾಗದ ಕಚ್ಚಿಕೊಂಡು ಕೂತುಬಿಟ್ಟಿತು. ಎಲ್ಲರೂ ಸುತ್ತ ನಿಂತು ಸಂತಾಪ ಸೂಚಿಸುತ್ತಿದ್ದರು. ನನಗೆ ಊಟಕ್ಕೆ ಹೊತ್ತಾಗುತ್ತಿತ್ತು. ಸಿಟ್ಟಿನಲ್ಲಿ ಅದರ ಪಕ್ಕೆಗೆ ಒಂದು ಬಿಟ್ಟೆ. ‘ಕಿರ್ರ್’ ಎಂದು ಕಾಗದ ಉಗುಳಿತು! ಮ್ಯಾನೇಜರ್ ಬೆನ್ನು ತಟ್ಟಿ, "ನೀನು ದೊಡ್ಡ ಗೀಕು ಕಣಯ್ಯಾ!" ಅಂದರು. ಹೊಗಳಿಕೆ ಹೊಟ್ಟೆಗೆ ಹೋದರೆ ಜೀರ್ಣವಾದೀತು, ನನಗೆ ನೆಟ್ಟಗೆ ತಲೆಗೆ ಹೋಯಿತು. ವಾರದೊಳಗೆ ಮಗ್ ಬಂತು, ಅಂಗಿ ಬಂತು, ನೂರೆಂಟು ತುದಿಗಳಿರುವ ಸ್ಕ್ರೂಡ್ರೈವರ್ ಪೆಟ್ಟಿಗೆ ಬಂತು. ಮೊಬೈಲಿನಲ್ಲಿ ‘ಅಖಂಡ ಗೀಕರ ಬಳಗ’ ಎಂಬ ಗುಂಪಿಗೆ ಸೇರಿಕೊಂಡೆ. ಬಾರದಿದ್ದದ್ದು ವಿದ್ಯೆ ಒಂದೇ. ಅದೇನು ಮಹಾ, ಮಾಡುತ್ತ ಮಾಡುತ್ತ ಬರುತ್ತದೆ ಎಂದುಕೊಂಡೆ.

ಮಾಡಿದೆ. ನನ್ನ ಕೈ ತಾಗಿದ ಮೇಲೆ ನಮ್ಮ ಟೋಸ್ಟರು ಬ್ರೆಡ್ಡನ್ನು ಮೇಲೆತ್ತುವುದರ ಬದಲು ಚಾವಣಿಗೆ ಎಸೆಯುವುದನ್ನು ಕಲಿತಿತು. ಕರೆಗಂಟೆಯ ಕಥೆ ಇನ್ನೂ ಘನವಾದದ್ದು. ಹೊರಗಿನಿಂದ ಯಾರಾದರೂ ಗುಂಡಿ ಒತ್ತಿದರೆ ಗಂಟೆ ಸದ್ದು ಮಾಡುತ್ತಿರಲಿಲ್ಲ, ಬಚ್ಚಲುಮನೆಯ ದೀಪ ಹತ್ತಿಕೊಳ್ಳುತ್ತಿತ್ತು! ಬಂದವರು ಬಾಗಿಲಲ್ಲಿ ಕಾಯುತ್ತಿರುತ್ತಿದ್ದರು. ಸ್ನಾನಕ್ಕೆ ಹೋದವರು ಒಳಗೆ ಬೆಚ್ಚಿಬೀಳುತ್ತಿದ್ದರು.

ಅವತ್ತು ನನ್ನ ಹೆಂಡತಿ ಕೇಳಿದ್ದೂ ಅದನ್ನೇ. "ರೀ, ಕರೆಗಂಟೆ ಸರಿ ಮಾಡೋಕೆ ಯಾರನ್ನಾದ್ರೂ ಕರೆಸ್ಲಾ?"

ಅದಕ್ಕೇ ಆ ಘೋರ ಪ್ರತಿಜ್ಞೆ.

"ಅಲ್ಲಾ, ಗೀಕ್ ಅಂದ್ರೆ ಏನ್ರೀ?" ಎಂದಳು ಅವಳು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ.

"ಒಂದು ವಿಷಯ ಹಿಡಿದ್ರೆ ಊಟ ನಿದ್ದೆ ಬಿಟ್ಟು ಅದರ ಬೆನ್ನು ಹತ್ತೋರು!"

"ನೀವು ಊಟ ನಿದ್ದೆ ಬಿಟ್ಟಿದ್ದು ಯಾವಾಗ? ನಾನು ಮನೇಲಿರ್ಲಿಲ್ವಾ ಆಗ?"

"ಅದೆಲ್ಲ ಒಳಗಿನ ತಪಸ್ಸು ಕಣೇ! ನಿನಗೆ ಕಾಣಲ್ಲ! ಯಂತ್ರ ನನ್ನನ್ನ ನೋಡಿದ್ರೆ ಸಾಕು..." ಎಂದು ನಾನು ಮಗ್ ಹಿಡಿದ ಕೈಯನ್ನು ದಿಗ್ವಿಜಯಿಯ ಹಾಗೆ ಬೀಸಿದೆ.

ಯಂತ್ರಗಳು ಹೆದರಿದವೋ ಇಲ್ಲವೋ ತಿಳಿಯದು. ಮಗ್ಗಿನಲ್ಲಿದ್ದ ಕಾಫಿ ಮಾತ್ರ ಹೆದರಿ ಹೊರಗೆ ಹಾರಿತು. ಹಾರಿದ್ದು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಅವಳ ಬಿಳಿ ಕೋಟಿನ ಮೇಲೆ!

ಇಲ್ಲಿ ಆ ಕೋಟಿನ ವಿಷಯ ಹೇಳಲೇಬೇಕು. ನನ್ನ ಹೆಂಡತಿ ಹಲ್ಲಿನ ಲ್ಯಾಬಿನಲ್ಲಿ ಕೃತಕ ಹಲ್ಲಿನ ಸೆಟ್ಟು ಮಾಡುವವಳು. ಕೆಲಸವೆಲ್ಲ ಎಡಗೈಯದು. ಬಜಾರಿನಲ್ಲಿ ಸಿಗುವ ಕೋಟುಗಳ ಜೇಬು ಬಲಗೈಯವರಿಗೆ. ಅದಕ್ಕೆ ನಮ್ಮ ಅತ್ತೆಯವರು ತಮ್ಮ ಮಗಳಿಗೆಂದೇ ಒಂದು ಕೋಟು ಹೊಲಿದು ಕೊಟ್ಟಿದ್ದರು. ಮೇಣ ಕೆತ್ತುವ ಉಳಿಗೊಂದು ಜೇಬು, ಕುಂಚಕ್ಕೊಂದು, ಪುಟ್ಟ ಚಿಮುಟಕ್ಕೊಂದು, ಎಲ್ಲವೂ ಎಡಗೈ ಹೋಗುವ ಜಾಗದಲ್ಲೇ. ಅವಳು ನೋಡುವುದೇ ಇಲ್ಲ. ಕಣ್ಣು ಹಲ್ಲಿನ ಮೇಲಿರುತ್ತದೆ, ಕೈ ತಾನಾಗಿ ಜೇಬಿಗೆ ಹೋಗಿ ಬರುತ್ತದೆ.

ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಅವಳಿಗೆ ಪರೀಕ್ಷೆ. ಹೊರಗಿನಿಂದ ಬಂದ ತಜ್ಞರ ಎದುರು, ಗೊತ್ತುಮಾಡಿದ ಸಮಯದೊಳಗೆ, ಮೇಣದಲ್ಲಿ ಹಲ್ಲು ಜೋಡಿಸಿ ತೋರಿಸಬೇಕು. ಗೆದ್ದವರು ಲ್ಯಾಬಿನ ಮುಖ್ಯಸ್ಥರು. ಹೋದ ಸಲವೂ ಕೂತಿದ್ದಳು. ಆಗ ಈ ಕೋಟಿನ್ನೂ ಇರಲಿಲ್ಲ. ಲ್ಯಾಬಿನವರು ಕೊಟ್ಟ ಕೋಟು ತೊಟ್ಟು, ಪ್ರತಿ ಸಲವೂ ಉಳಿ ಎಲ್ಲಿ, ಕುಂಚ ಎಲ್ಲಿ ಎಂದು ತಡಕಾಡಿ, ಸಮಯ ಮೀರಿ ಸೋತು ಬಂದಿದ್ದಳು. ಆ ಸಂಜೆ ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ಸುಮ್ಮನೆ ಕೂತು ಎಡಗೈ ನೋಡಿಕೊಳ್ಳುತ್ತಿದ್ದಳು. ಈ ಕೋಟು ಹುಟ್ಟಿದ್ದು ಅದಾದ ಮೇಲೆ.

ಅಂಥ ಕೋಟಿನ ಎದೆಯ ಮೇಲೆ ಈಗ ನನ್ನ ಕಾಫಿ!

ಅವಳು ಕೋಟನ್ನು ನೋಡಿದಳು. ನನ್ನನ್ನು ನೋಡಿದಳು. ಕೋಟನ್ನು ಅಲ್ಲೇ ಮೂಲೆಯಲ್ಲಿದ್ದ ವಾಷಿಂಗ್ ಮಶೀನಿಗೆ ಹಾಕಿ, ಸೋಪಿನ ಪುಡಿ ಸುರಿದು, ಟುಂಯ್ ಟುಂಯ್ ಎಂದು ಏನೇನೋ ಒತ್ತಿ ಶುರು ಮಾಡಿದಳು.

"ಲ್ಯಾಬಿಗೆ ಹೋಗಿ ನನ್ನ ಮೇಣದ ಪೆಟ್ಟಿಗೆ ತರ್ತೀನಿ. ಊಟದ ಹೊತ್ತಿಗೆ ಬರ್ತೀನಿ. ಬಂದು ನಾನೇ ಕೋಟು ತೆಗೀತೀನಿ. ನೀವು ಏನೂ ಮಾಡ್ಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ! ಕೂತ್ಕೊಳ್ಳಿ. ಉಸಿರಾಡಿ. ಅಷ್ಟು ಮಾಡಿ ಸಾಕು."

ಹೊರಟುಹೋದಳು. ನಾನು ಕೂತೆ. ಉಸಿರಾಡಿದೆ. ಎಷ್ಟು ಹೊತ್ತು ಅಂತ ಉಸಿರಾಡುವುದು? ಎದೆಯೊಳಗೆ ಅಪರಾಧಪ್ರಜ್ಞೆ ಕುಟುಕುತ್ತಿತ್ತು. ಕಾಫಿ ಚೆಲ್ಲಿದವನು ನಾನು, ಕೋಟು ಬೇಗ ಒಣಗುವಂತೆ ಮಾಡುವ ಹೊಣೆಯೂ ನನ್ನದೇ ಅಲ್ಲವೇ? ಮಶೀನಿನ ಕೊನೆಯ ಸುತ್ತನ್ನು ಇನ್ನೂ ಜೋರಾಗಿ ತಿರುಗಿಸಿದರೆ ನೀರೆಲ್ಲ ಹಿಂಡಿಹೋಗಿ ಕೋಟು ಅರ್ಧ ಒಣಗೇ ಬರುತ್ತದೆ! ಅವಳು ಬಂದು, "ಅಯ್ಯೋ, ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ರಿ!" ಎನ್ನುತ್ತಾಳೆ! ಒಂದೇ ಒಂದು ಗುಂಡಿ ಒತ್ತಿದರೆ ಆಯಿತು.

ಒತ್ತಿದೆ.

‘ಟುಂಯ್’ ಎಂದಿತು. ವೇಗ ಬದಲಾಗಲಿಲ್ಲ. ಮತ್ತೆ ಒತ್ತಿದೆ. ಮತ್ತೆ ಟುಂಯ್. ಆಗ ಗಮನಿಸಿದೆ: ಅಂಕಿಗಳು ಕಾಣುವ ಪುಟ್ಟ ಪರದೆಯ ಮೂಲೆಯಲ್ಲಿ ಒಂದು ಮುಖ. ದುಂಡನೆಯ ಮುಖ, ಎರಡು ಚುಕ್ಕಿ ಕಣ್ಣು, ಬಾಯಿ ತುಂಬ ನಗು. ನಾನು ಗುಂಡಿ ಒತ್ತಿದಾಗಲೆಲ್ಲ ಅದು ಮಿಣಕ್ ಮಿಣಕ್ ಎಂದು ಮಿಟುಕಿ ಇನ್ನಷ್ಟು ನಗುತ್ತಿತ್ತು!

ಒಂದು ಯಂತ್ರ, ನನ್ನನ್ನು ನೋಡಿ, ನನ್ನ ಮನೆಯಲ್ಲೇ, ಹಲ್ಲು ಕಿಸಿಯುವುದೆಂದರೇನು!

ಗೋಡೆಯ ಸ್ವಿಚ್ಚು ಆರಿಸಿದೆ, ಹಾಕಿದೆ. ಆರಿಸಿದೆ, ಹಾಕಿದೆ. ಗೀಕರ ಪ್ರಪಂಚದಲ್ಲಿ ಎಲ್ಲ ರೋಗಕ್ಕೂ ಇದೇ ಮೊದಲ ಮದ್ದು. ಮಶೀನು ಮುನಿಸಿಕೊಂಡು ಹೊಟ್ಟೆ ತುಂಬ ನೀರಿಟ್ಟುಕೊಂಡು ನಿಂತೇಬಿಟ್ಟಿತು. ಬಾಗಿಲು ಎಳೆದೆ, ಬರಲಿಲ್ಲ. ಗಾಜಿನ ಆಚೆ ಬಿಳಿ ಕೋಟಿನ ತೋಳೊಂದು ಕಿಟಕಿಗೆ ಕೈಯಿಟ್ಟ ಕೈದಿಯ ಹಾಗೆ ಅಂಟಿಕೊಂಡಿತ್ತು. ಮುಖ ಮಾತ್ರ ನಗುತ್ತಲೇ ಇತ್ತು.

ಬಳಗಕ್ಕೆ ಮೊರೆಯಿಟ್ಟೆ. "ಮಶೀನು ನಿಂತಿದೆ, ಬಾಗಿಲು ತೆರೆಯುತ್ತಿಲ್ಲ. ಮುಖ್ಯ ಸರ್ಕ್ಯೂಟಿನಲ್ಲಿ ಗಂಭೀರ ದೋಷವಿರಬಹುದೆಂದು ನನ್ನ ಅಂದಾಜು" ಎಂದು ಬರೆದೆ. ನಗುವ ಮುಖದ ಸುದ್ದಿ ಬರೆಯಲಿಲ್ಲ. ಒಬ್ಬ ಗೀಕನನ್ನು ನೋಡಿ ಯಂತ್ರ ನಗುತ್ತಿದೆ ಎಂದು ಇನ್ನೊಬ್ಬ ಗೀಕನಿಗೆ ಹೇಳುವುದು ಹೇಗೆ?

ಕ್ಷಣದಲ್ಲಿ ಉತ್ತರಗಳು ಬಂದವು. ‘ನಟ್ಟುಬೋಲ್ಟು’ ಎಂಬ ಹೆಸರಿನವನು, "ಕೆಳಗೆ ಪುಟ್ಟ ಮುಚ್ಚಳ ಇದೆ, ತಿರುಗಿಸಿ ನೀರು ತೆಗಿ" ಎಂದ. ‘ತಂತಿತಾತ’ ಎಂಬುವವನು, "ಅದನ್ನು ಮುಟ್ಟಬೇಡ, ಹಿಂಭಾಗ ಬಿಚ್ಚು" ಎಂದ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಾನು ಇಬ್ಬರಿಗೂ ಬೇಜಾರಾಗದಂತೆ ಎರಡನ್ನೂ ಮಾಡಲು ನಿರ್ಧರಿಸಿದೆ.

ಪ್ಲಗ್ ಕಿತ್ತೆ. ಅಷ್ಟು ಬುದ್ಧಿ ಇತ್ತು. ಕೆಳಗಿನ ಮುಚ್ಚಳಕ್ಕೆ ಒಂದು ಕಾಫಿ ಲೋಟ ಹಿಡಿದು ತಿರುಗಿಸಿದೆ. ಲೋಟ ಸಾಕಾಗುತ್ತದೆ ಎಂದು ಯಾಕೆ ಅನ್ನಿಸಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಮುಚ್ಚಳ ಚಿಮ್ಮಿ ಸ್ಟೌವಿನ ಅಡಿಗೆ ಹೋಯಿತು. ಅದರ ಹಿಂದೆಯೇ ಸೋಪಿನ ನೊರೆಯ ಮಹಾಪೂರ! ಅಂಗೈಯಿಂದ ತಡೆದೆ, ಬೆರಳಿನ ಸಂದಿಯಲ್ಲಿ ಬಂತು. ಹೆಬ್ಬೆಟ್ಟು ಇಟ್ಟೆ, ತೋಳಿನೊಳಗೆ ಬಂತು. ಚಪ್ಪಲಿಗಳು ಜೋಡಿ ಜೋಡಿಯಾಗಿ ತೇಲುತ್ತ ನಡುಮನೆಯ ಕಡೆ ಪ್ರವಾಸ ಹೊರಟವು.

ಅಷ್ಟರಲ್ಲಿ ಬಚ್ಚಲುಮನೆಯ ದೀಪ ಹತ್ತಿಕೊಂಡಿತು.

ಯಾರೋ ಬಂದಿದ್ದಾರೆ!

ಬಾಗಿಲು ತೆರೆದರೆ ಕೆಳಮನೆಯ ಅಜ್ಜಿ. ಕೈಯಲ್ಲಿ ಬಿಚ್ಚಿದ ಕೊಡೆ. ಕೊಡೆಯ ಮೇಲಿಂದ ನೀರು ತೊಟತೊಟ.

"ಲೋ! ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನೆ ಅಂತಾರೆ. ನಿನಗೆ ಐಶ್ವರ್ಯ ಬಂದಿದ್ದಕ್ಕೆ ನಾನು ಹಗಲುಹೊತ್ತು ಅಡುಗೆಮನೇಲಿ ಕೊಡೆ ಹಿಡಿಯೋ ಹಾಗಾಯ್ತಲ್ಲೋ!"

"ಸಣ್ಣದೊಂದು ತಾಂತ್ರಿಕ ತೊಂದರೆ ಅಜ್ಜೀ..."

"ಸಣ್ಣದಾ? ನನ್ನ ಚಾವಣಿಗೆ ನೆಗಡಿ ಆಗಿದೆ! ಸುರೀತಿದೆ! ನಿನ್ನ ಹೆಂಡ್ತಿ ಎಲ್ಲಿ?"

"ಲ್ಯಾಬಿಗೆ ಹೋಗಿದಾಳೆ. ಅಜ್ಜೀ, ಅವಳ ಕೋಟು ಒಳಗೆ ಸಿಕ್ಕಿಹಾಕ್ಕೊಂಡಿದೆ. ಮೂರು ಗಂಟೆಗೆ ಅವಳ ಪರೀಕ್ಷೆ."

ಅಜ್ಜಿಯ ಮುಖವೇ ಬದಲಾಯಿತು. ಅಜ್ಜಿಯ ಬಾಯಲ್ಲಿ ಹೊಳೆಯುತ್ತಿದ್ದ ಸೆಟ್ಟು ನನ್ನ ಹೆಂಡತಿಯ ಕೈಕೆಲಸ. ಕೊಡೆ ಮಡಿಚಿದರು. ಸೆರಗು ಬಿಗಿದು ಬಕೆಟ್ಟು ತಂದು ಕೂತೇಬಿಟ್ಟರು.

"ಅವಳು ಕೊಟ್ಟ ಹಲ್ಲಿಂದಾನೇ ನಿನಗೆ ಬಯ್ತಿರೋದು. ಅವಳ ಋಣ ತೀರಿಸ್ತಿದೀನಿ ಅನ್ಕೋ. ಎಲ್ಲಿ, ಇನ್ನೇನೇನು ಹಾಳು ಮಾಡಿದೀಯ ತೋರ್ಸು."

ನೀರು ಬಳಿದು ಬಕೆಟ್ಟಿಗೆ ಹಿಂಡಿದೆವು. ಪರದೆ ಈಗ ಹೇಗಿದೆ ನೋಡೋಣವೆಂದು ಪ್ಲಗ್ ಹಾಕಿದರೆ ಮತ್ತೆ ಅದೇ ಮುಖ. ಅಜ್ಜಿ ಕನ್ನಡಕ ಸರಿ ಮಾಡಿಕೊಂಡರು. "ಅಯ್ಯೋ, ಮಗು ಮುಖ! ಎಷ್ಟು ಮುದ್ದಾಗಿದೆಯೋ!"

"ಅಜ್ಜೀ, ಅದು ದೋಷದ ಸಂಕೇತ. ನಿಮಗೆ ಇದೆಲ್ಲ ತಿಳಿಯಲ್ಲ."

ಓದುಗರೇ, ಆ ಮಾತನ್ನು ನಾನು ಎಂಥ ಗಾಂಭೀರ್ಯದಿಂದ ಹೇಳಿದೆ ಎಂದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಗಿಲನ್ನೇ ಜಗ್ಗೋಣ ಎಂದು ಒಂದು ಕಾಲನ್ನು ಮಶೀನಿಗೆ ಊರಿ ಹಿಡಿಕೆ ಹಿಡಿದೆಳೆದೆ. ಅಜ್ಜಿ ನನ್ನ ಸೊಂಟ ಹಿಡಿದರು. "ಎಳೀ!" ಎಂದರು. ಎಳೆದೆ. ‘ಟಕ್!’ ಇಬ್ಬರೂ ಒದ್ದೆ ನೆಲದ ಮೇಲೆ ಜಾರುತ್ತ ಹೋಗಿ ಬಕೆಟ್ಟಿಗೆ ಗುದ್ದಿಕೊಂಡು ನಿಂತೆವು. ಬಾಗಿಲು ತೆರೆದಿರಲಿಲ್ಲ. ಹಿಡಿಕೆ ನನ್ನ ಕೈಯಲ್ಲಿತ್ತು.

ಇನ್ನುಳಿದದ್ದು ತಂತಿತಾತನ ಸಲಹೆ. ಮತ್ತೆ ಪ್ಲಗ್ ಕಿತ್ತು ನೂರೆಂಟು ತುದಿಗಳ ಪೆಟ್ಟಿಗೆ ತೆರೆದೆ. ನೂರ ಏಳು ತುದಿಗಳು ಹೊಂದಲಿಲ್ಲ. ಕೊನೆಯದರಿಂದ ಹಿಂಭಾಗದ ತಗಡು ಬಿಚ್ಚಿದೆ. ಒಳಗೊಂದು ಚಕ್ರ, ಚಕ್ರಕ್ಕೊಂದು ಕಪ್ಪು ರಬ್ಬರ್ ಪಟ್ಟಿ. ಬಿಗಿಯಾಗಿ ಕೂತಿತ್ತು. ಇದೇ ಕೋಟನ್ನು ಹಿಡಿದಿಟ್ಟಿರುವ ಪಾಪಿ ಎಂದು ನನ್ನ ಒಳಗಣ್ಣಿಗೆ ಹೊಳೆಯಿತು. ಕಿತ್ತೆ. ಏನೂ ಆಗಲಿಲ್ಲ. ಆದರೆ ಅದನ್ನು ಮತ್ತೆ ಹಾಕಲು ಹೋದಾಗ ಗೊತ್ತಾಯಿತು, ಕೀಳುವುದು ಒಂದು ವಿದ್ಯೆ, ಹಾಕುವುದು ಇನ್ನೊಂದು.

ನಾನು ಬಲಗೈಯಲ್ಲಿ ಹಿಡಿಕೆ, ಎಡಗೈಯಲ್ಲಿ ರಬ್ಬರ್ ಪಟ್ಟಿ ಹಿಡಿದು ಯೋಚಿಸುತ್ತ ನಿಂತಿದ್ದಾಗ ಬಾಗಿಲಲ್ಲಿ ಮೇಣದ ಪೆಟ್ಟಿಗೆ ಹಿಡಿದು ನನ್ನ ಹೆಂಡತಿ ನಿಂತಿದ್ದಳು.

ಅವಳು ಮೊದಲು ನೋಡಿದ್ದು ತೇಲಿ ಬಂದ ಚಪ್ಪಲಿಗಳನ್ನು. ಆಮೇಲೆ ಅಜ್ಜಿಯನ್ನು. ಕೊನೆಗೆ ಗಾಜಿನ ಆಚೆಗಿದ್ದ ತೋಳನ್ನು. ಅವಳ ಎಡಗೈ ನಿಧಾನವಾಗಿ ಮೇಲೆದ್ದು, ಇಲ್ಲದ ಜೇಬನ್ನು ಎದೆಯ ಮೇಲೆ ಒಮ್ಮೆ ತಡಕಿ, ಕೆಳಗಿಳಿಯಿತು. ಹೋದ ಸಲದ ಆ ಸಂಜೆ ಕಣ್ಮುಂದೆ ಬಂತು.

"ಮುಖ್ಯ ಸರ್ಕ್ಯೂಟಿನಲ್ಲಿ..." ಎಂದೆ.

"ಪ್ಲಗ್ ಹಾಕಿ" ಎಂದಳು.

ಹಾಕಿದೆ. ಮುಖ ನಕ್ಕಿತು. ಅವಳು ಹತ್ತಿರ ಬಂದು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿದಳು. ಮುಖ ಮಾಯವಾಯಿತು. ‘ಕಟಕ್’ ಎಂದು ಬೀಗ ಬಿಟ್ಟಿತು!

"ಅದು... ಏನದು?"

"ಚೈಲ್ಡ್ ಲಾಕ್ ರೀ. ಮಕ್ಕಳು ಬಂದು ಗುಂಡಿ ಒತ್ತಬಾರ್ದು, ಬಾಗಿಲು ಎಳೀಬಾರ್ದು ಅಂತ ಇರತ್ತೆ."

"ನಮ್ಮನೇಲಿ ಮಕ್ಕಳೇ ಇಲ್ವಲ್ಲೇ!" ಎಂದು ನಾನು ಜಯಭೇರಿ ಬಾರಿಸಿದೆ. "ನೋಡಿದ್ಯಾ, ತಾನಾಗೇ ಬಿದ್ದುಬಿಟ್ಟಿದೆ! ಅದೇ ದೋಷ!"

"ತಾನಾಗೇ ಬಿದ್ದಿಲ್ಲ. ನಾನೇ ಹಾಕಿ ಹೋಗಿದ್ದು."

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. ಹೆಂಡತಿ ಕಟ್ಟಿದ ಹಲ್ಲಿನ ಅಷ್ಟೂ ಸಾಲು ನಗುತ್ತಿತ್ತು. "ಮಗು ಮುಖ ಅಂತ ನಾನು ಆವಾಗ್ಲೇ ಹೇಳ್ಲಿಲ್ವೇನೋ?"

ಹಿಡಿಕೆಯಿಲ್ಲದ ಬಾಗಿಲನ್ನು ಅವಳು ಮೇಣ ಕೆತ್ತುವ ಉಳಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ ತೆರೆದಳು. ಕೋಟು ಹೊರಗೆ ಬಂತು. ಕಲೆ ಹೋಗಿತ್ತು. ಆದರೆ ಕೋಟು ನೀರು ಕುಡಿದ ಸ್ಪಂಜಿನಂತಿತ್ತು. ಮಶೀನಿನಲ್ಲಿ ಹಿಂಡೋಣ ಎಂದರೆ ತಿರುಗಿಸುವ ಪಟ್ಟಿ ನನ್ನ ಕೈಯಲ್ಲಿ. ಪರೀಕ್ಷೆಗೆ ಉಳಿದಿದ್ದ ಹೊತ್ತು ಬಹಳ ಕಮ್ಮಿ.

"ಬಯ್ಯೇ" ಎಂದೆ. "ಒಂದ್ಸಲ ಬಾಯ್ತುಂಬ ಬಯ್ದುಬಿಡು."

"ಬಯ್ಯೋಕೆ ಟೈಮಿಲ್ಲ. ಆ ತುದಿ ಹಿಡೀರಿ. ಹಿಂಡಿ."

ಆಮೇಲೆ ನಮ್ಮ ಅಡುಗೆಮನೆಯಲ್ಲಿ ನಡೆದದ್ದನ್ನು ಮಹಾಯುದ್ಧವೆನ್ನಲೇ, ಮಹಾಯಜ್ಞವೆನ್ನಲೇ! ನಾವಿಬ್ಬರೂ ಹಗ್ಗ ಹೊಸೆಯುವವರಂತೆ ಕೋಟನ್ನು ತಿರುಚಿದೆವು. ಅಜ್ಜಿ ಕೆಳಗೆ ಓಡಿ ತಮ್ಮ ಇಸ್ತ್ರಿಪೆಟ್ಟಿಗೆ ತಂದರು. ಕೋಟನ್ನು ದಪ್ಪ ಟವೆಲಿನಲ್ಲಿ ಸುತ್ತಿಟ್ಟರು. "ಹತ್ತು ಅದರ ಮೇಲೆ!" ಎಂದು ನನಗೆ ಅಪ್ಪಣೆ ಕೊಟ್ಟರು. ನಾನು ಹತ್ತಿ ಕುಣಿದೆ. ಅವತ್ತು ನಾನು ಮಾಡಿದ್ದರಲ್ಲಿ ಯಂತ್ರವೊಂದೂ ಬೇಡದ, ಬರೀ ನನ್ನ ತೂಕ ಬೇಕಾದ ಕೆಲಸ ಅದೊಂದೇ, ಮತ್ತು ಅದೊಂದೇ ಸರಿಯಾಗಿ ಆಯಿತು. ಅಜ್ಜಿ ಇಸ್ತ್ರಿ ಒತ್ತಿದರು, ಹಬೆ ಎದ್ದಿತು. ಹೆಂಡತಿ ಹೇರ್‌ಡ್ರೈಯರ್ ಹಿಡಿದು ಒಂದೊಂದೇ ಜೇಬಿನ ಬಾಯಿಗೆ ಬಿಸಿ ಗಾಳಿ ಊದಿದಳು. ನಾನು ಸ್ಕ್ರೂಡ್ರೈವರ್ ಪೆಟ್ಟಿಗೆಯ ಮುಚ್ಚಳ ಕಿತ್ತು ಬೀಸಣಿಗೆ ಮಾಡಿಕೊಂಡು ಬೀಸಿದೆ. ಆ ಪೆಟ್ಟಿಗೆ ಮನೆಗೆ ಬಂದಮೇಲೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗಲೇ.

ಕೆಳಅಂಚು ಇನ್ನೂ ತಂಪಾಗಿತ್ತು. ಜೇಬುಗಳು ಮಾತ್ರ ಒಣಗಿದ್ದವು. ಅವಳು ಕೋಟು ತೊಟ್ಟು, ಉಳಿ, ಕುಂಚ, ಚಿಮುಟ ಒಂದೊಂದನ್ನೂ ಅದರದರ ಮನೆಗೆ ಸೇರಿಸಿದಳು. ಕಣ್ಣು ಮುಚ್ಚಿ ಎಡಗೈಯಿಂದ ಒಂದು ಸಲ ಎಲ್ಲವನ್ನೂ ಮುಟ್ಟಿ ನೋಡಿದಳು. ಹೊರಟಳು.

ಬಾಗಿಲು ಮುಚ್ಚಿತು. ನಾನು ನೆಲ ಒರೆಸುತ್ತ ಕೂತೆ. ಅಜ್ಜಿ ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕೂತರು.

"ಅದೇನೋ ಬರೆಸ್ಕೊಂಡಿದೀಯಲ್ಲ ಅಂಗಿ ಮೇಲೆ, ಗೀಕೋ ಪೀಕೋ. ಹಾಗಂದ್ರೇನು?"

ಬೆಳಿಗ್ಗೆ ಹೇಳಿದ್ದನ್ನೇ ಹೇಳಿದೆ, ಸ್ವಲ್ಪ ಮೆಲುದನಿಯಲ್ಲಿ. "ಒಂದು ವಿಷಯ ಹಿಡಿದ್ರೆ ಊಟ ನಿದ್ದೆ ಬಿಟ್ಟು ಅದರ ಬೆನ್ನು ಹತ್ತೋರು ಅಜ್ಜೀ."

"ಓ, ನಿನ್ನ ಹೆಂಡ್ತಿ ಥರ" ಎಂದರು ಅಜ್ಜಿ, ಅದರಲ್ಲೇನು ವಿಶೇಷ ಎಂಬಂತೆ. "ನನ್ನ ಹಲ್ಲು ಮಾಡುವಾಗ ದಿನಾ ಸಂಜೆ ಕೆಳಗೆ ಬಂದು ಕೂರೋಳು. ಅಜ್ಜೀ ನಗಿ ನೋಡೋಣ, ಅಜ್ಜೀ ಬಯ್ಯಿ ನೋಡೋಣ, ಅಂತ. ಹರೆಯದಲ್ಲಿ ನಗ್ತಿದ್ದ ಫೋಟೋ ಇದ್ರೆ ಕೊಡಿ ಅಂತ ಪೆಟ್ಟಿಗೆಯೆಲ್ಲ ಹುಡುಕಿಸಿದ್ಲು. ನನ್ನ ನಗೂನೇ ನನಗೆ ವಾಪಸ್ ಕೊಟ್ಲು ಕಣೋ. ಕನ್ನಡಿ ನೋಡಿ ನಾನೇ ಅತ್ತುಬಿಟ್ಟೆ."

ಒರೆಸುವ ಬಟ್ಟೆ ನನ್ನ ಕೈಯಲ್ಲಿ ನಿಂತಿತು. ನಾನು ಅವಳನ್ನು ಮೊದಲ ಸಲ ನೋಡಿದ ದಿನ ನೆನಪಾಯಿತು. ನಾನು ಅವಳ ಕಣ್ಣು ನೋಡುತ್ತಿದ್ದೆ. ಅವಳು ನನ್ನ ಬಾಯಿ ನೋಡುತ್ತಿದ್ದಳು. ಮೊದಲ ಮಾತೇ, "ನಿಮ್ಮ ಕೆಳಗಿನ ಸಾಲಲ್ಲಿ ಒಂದು ಹಲ್ಲು ಓರೆ ಇದೆ ಅಲ್ವಾ?" ನಾನದನ್ನು ಪ್ರೇಮವೆಂದು ತಿಳಿದು ನಾಚಿದ್ದೆ! ಬಸ್ಸಿನಲ್ಲಿ ಎದುರು ಕೂತವರು ಆಕಳಿಸಿದರೆ ಇವಳು ಇಳಿಯುವ ಸ್ಟಾಪು ಮರೆಯುತ್ತಾಳೆ. ಊಟದ ತಟ್ಟೆಯ ಮುಂದೆ ಕೂತು ಬೆರಳಲ್ಲಿ ಗಾಳಿಯಲ್ಲೇ ಹಲ್ಲು ಕೆತ್ತುತ್ತಿರುತ್ತಾಳೆ, ಅನ್ನ ಆರಿಹೋಗಿರುತ್ತದೆ. ಮಗ್ ಇಲ್ಲ, ಅಂಗಿ ಇಲ್ಲ, ಬಳಗ ಇಲ್ಲ. ನನ್ನ ಮನೆಯಲ್ಲೊಬ್ಬ ಅಸಲಿ ಗೀಕು ಇದ್ದಳು, ನಾನು ಅವಳ ಕೋಟಿನ ಮೇಲೆ ಕಾಫಿ ಚೆಲ್ಲಿಕೊಂಡು ‘ಗೀಕ್ ಅಂದರೆ ನಾನು’ ಎಂದು ಕೂಗುತ್ತಿದ್ದೆ!

ಸಂಜೆ ಬಚ್ಚಲುಮನೆಯ ದೀಪ ಹತ್ತಿಕೊಂಡಾಗ ನಾನೂ ಅಜ್ಜಿಯೂ ಒಟ್ಟಿಗೆ ಬಾಗಿಲಿಗೆ ಓಡಿದೆವು. ಅವಳ ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ. ಕುರ್ಚಿಯಲ್ಲಿ ಕೂತು ನೀರು ಕುಡಿದಳು.

"ಹೇಳೇ! ಕೋಟು ಕೈ ಕೊಡ್ತಾ?"

"ಕೋಟು ಕೈ ಕೊಡ್ಲಿಲ್ಲ. ಅಂಚು ತಣ್ಣಗಿತ್ತಲ್ಲ, ಮಂಡಿ ತಂಪಾಗಿ ತಲೆಯೂ ತಂಪಾಗಿತ್ತು. ಹೊತ್ತಿಗೆ ಮುಂಚೇನೇ ಮುಗಿಸ್ದೆ. ಆದ್ರೆ ದೊಡ್ಡ ತಜ್ಞರು ಸೆಟ್ಟು ಕೈಗೆತ್ಕೊಂಡು ಹುಬ್ಬು ಗಂಟು ಹಾಕಿದ್ರು. ‘ಏನಮ್ಮಾ, ಎಲ್ಲ ಹಲ್ಲು ನೆಟ್ಟಗಿದೆ, ಕೆಳಗಿನ ಸಾಲಲ್ಲಿ ಇದೊಂದು ಯಾಕೆ ಓರೆ? ತಪ್ಪಾಯ್ತಾ?’ ಅಂದ್ರು."

"ಅಯ್ಯೋ! ನೀನೇನಂದೆ?"

"ತಪ್ಪಲ್ಲ ಸರ್, ಬೇಕಂತಲೇ ಮಾಡಿದ್ದು ಅಂದೆ. ಎಲ್ಲ ಹಲ್ಲೂ ನೆಟ್ಟಗಿದ್ರೆ ನೋಡಿದವರಿಗೆ ಸುಳ್ಳು ಹಲ್ಲು ಅಂತ ಗೊತ್ತಾಗ್ಬಿಡತ್ತೆ. ಒಂದು ಓರೆ ಇದ್ರೇನೇ ಬಾಯಿಗೆ ಜೀವ ಬರೋದು. ಈ ಓರೆ ನಮ್ಮನೆಯವರದ್ದು, ನೋಡಿ ನೋಡಿ ನನ್ನ ಕೈಗೆ ಬಾಯಿಪಾಠ ಆಗಿದೆ ಅಂದೆ." ನಂತರ ತಲೆ ತಗ್ಗಿಸಿ ಮೆಲ್ಲಗೆ ಸೇರಿಸಿದಳು, "ಸೋಮವಾರದಿಂದ ಲ್ಯಾಬು ನನ್ನ ಕೈಗೆ."

ಅಜ್ಜಿ ಚಪ್ಪಾಳೆ ತಟ್ಟಿದರು. ನಾನು ನಾಲಿಗೆಯ ತುದಿಯಿಂದ ನನ್ನ ಓರೆ ಹಲ್ಲನ್ನು ಮುಟ್ಟಿ ನೋಡಿಕೊಂಡೆ. ಜೀವನದಲ್ಲಿ ಮೊದಲ ಸಲ ಅದರ ಮೇಲೆ ಅಭಿಮಾನ ಬಂತು. ಇಷ್ಟು ವರ್ಷ ಈ ಮನೆಯ ಸಾಲಿನಲ್ಲಿ ನಾನು ಓರೆಯಾಗಿ ನಿಂತಿದ್ದೆ. ಕೀಳಿಸಿ ಹಾಕದೆ ಉಳಿಸಿಕೊಂಡಿದ್ದಾಳಲ್ಲ, ಇದಕ್ಕಿಂತ ಭಾಗ್ಯ ಬೇಕೇ?

ಮಗ್ಗನ್ನು ತೊಳೆದು ಅವಳ ಕೈಗಿಟ್ಟೆ. "ಇದು ನಿನಗೆ ಸೇರಬೇಕಾದ್ದು."

ಅವಳು ತಿರುಗಿಸಿ ನೋಡಿದಳು. "ಚೆನ್ನಾಗಿದೆ. ಲ್ಯಾಬಿನಲ್ಲಿ ಕುಂಚ ನೆನೆಹಾಕೋಕೆ ಒಂದು ಬೇಕಿತ್ತು."

ಮರುದಿನ ಮಶೀನಿನ ಜೊತೆ ಬಂದ ಪುಸ್ತಕದ ಚಿತ್ರ ನೋಡಿಕೊಂಡು ರಬ್ಬರ್ ಪಟ್ಟಿ ಹಾಕಿದವಳೂ ಅವಳೇ. ನಾನು ಟಾರ್ಚು ಹಿಡಿದೆ, ಹೇಳಿದ ಕಡೆ ಹಿಡಿದೆ, ಬೇರೇನೂ ಮಾಡಲಿಲ್ಲ. ಮುರಿದ ಹಿಡಿಕೆಯನ್ನು ಲ್ಯಾಬಿಗೆ ಒಯ್ದು ವಸಡು ಮಾಡುವ ಸಾಮಗ್ರಿಯಿಂದ ಬೆಸೆದು ತಂದಳು. ಕಲ್ಲಿನಷ್ಟು ಗಟ್ಟಿ. ಬಣ್ಣ ಮಾತ್ರ ಗುಲಾಬಿ. ಈಗ ಮಶೀನಿಗೆ ಬಟ್ಟೆ ಹಾಕುವಾಗಲೆಲ್ಲ ನನಗೆ ಯಾರದೋ ವಸಡು ಹಿಡಿದು ಬಾಯಿ ತೆರೆಸಿದಂತಾಗುತ್ತದೆ.

ಕರೆಗಂಟೆಗೆ ರಿಪೇರಿಯವನು ಬಂದ. ಹೊಸ್ತಿಲು ದಾಟಿದ. ನಾನೇ ಎದ್ದು ಕುರ್ಚಿ ಕೊಟ್ಟೆ.

ಮೊನ್ನೆ ಅವಳ ಕೋಟನ್ನು ನಾನೇ ಒಗೆಯಲು ಹಾಕಿದೆ. ಶುರು ಮಾಡಿ, ಎರಡು ಗುಂಡಿ ಒಟ್ಟಿಗೆ ಒತ್ತಿ, ಒಂದು ಎರಡು ಮೂರು ಎಣಿಸಿ ನಾನೇ ಲಾಕ್ ಹಾಕಿದೆ. ಮಗುವಿನ ಮುಖ ನಕ್ಕಿತು. ನಾನೂ ನಕ್ಕೆ. ಮುಗಿದ ಮೇಲೆ ಮತ್ತೆ ಎಣಿಸಿ ಲಾಕ್ ತೆಗೆದೆ. ಕೋಟು ಹೊರಗೆ ಬಂತು, ಮನೆ ಒಣಗಿತ್ತು, ಅಜ್ಜಿಯ ಕೊಡೆ ಕೆಳಗೇ ಇತ್ತು! ಎದೆಯು ಹಳೇ ಚಾಳಿಗೆ ಸ್ವಲ್ಪ ಉಬ್ಬಿತು.

"ನೋಡಿದ್ಯಾ? ಹಾಕೋದೂ ಕಲಿತೆ, ತೆಗೆಯೋದೂ ಕಲಿತೆ! ಈಗಲಾದ್ರೂ ಒಪ್ಕೋ, ನಾನೂ ಒಂಚೂರು ಗೀಕು ಅಂತ."

ಅವಳು ಕೋಟಿನ ಜೇಬುಗಳನ್ನು ಒಂದೊಂದಾಗಿ ಹೊರಮುಖ ಮಾಡಿ ಒಣಗಲು ಹರವುತ್ತ, ನನ್ನತ್ತ ತಿರುಗಿ ಪ್ರೀತಿಯಿಂದ ಕೆನ್ನೆ ತಟ್ಟಿದಳು.

"ಆ ಲಾಕು ಐದು ವರ್ಷದೊಳಗಿನ ಮಕ್ಕಳಿಗೆ ತೆಗೆಯೋಕೆ ಬರಲ್ಲ ಅಂತ ಪುಸ್ತಕದಲ್ಲಿ ಬರೆದಿದೆ ರೀ. ನಿಮಗೆ ಬಂತಲ್ಲ, ಐದು ತುಂಬ್ತು ಅಂತಾಯ್ತು!"